ಏರಿಳಿಯುವ ಮೇಜು

ತಮಿಳುನಾಡಿನ ಕೊಂಬೈಯಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬ ಸಾಫ್ಟ್‌ವೇರ್ ಎಂಜಿನಿಯರಿದ್ದ. ಅವನ ಬೆನ್ನಿನಷ್ಟು ಆರೈಕೆ ಕಂಡ ಬೆನ್ನು ಊರಿನಲ್ಲಿ ಇನ್ನೊಂದಿರಲಿಲ್ಲ. ಅವನ ಮನೆಯ ಜಗಲಿಯಲ್ಲಿ ಬಗ್ಗಿ ಕೂತು ಬೋಡಿಮೆಟ್ಟಿನ ಏಲಕ್ಕಿ ಆಯುತ್ತಿದ್ದ ಕೂಲಿ ಹೆಂಗಸರಿಗೆ ದಿನಾ ಅವನ ಉಪದೇಶ: "ನೇರಾ ಕೂತ್ಕೊ ಅತ್ತೆ, ಬೆನ್ನು ಮುಖ್ಯಂ."

ಒಂದು ದಿನ ಬತ್ತಲಗುಂಡಿನಿಂದ ವ್ಯಾನಿನಲ್ಲಿ ಅವನ ಹೊಸ ಮೇಜು ಬಂತು. ಗುಂಡಿ ಒತ್ತಿದರೆ ತಾನೇ ಏರಿಳಿಯುತ್ತದಂತೆ. ಮಹಡಿಗೆ ಮಾತ್ರ ತಾನೇ ಏರಲಿಲ್ಲ. ಏಲಕ್ಕಿ ಬಿಟ್ಟೆದ್ದ ಮೂವರು ಹೆಂಗಸರು ಹೊತ್ತರು. ಜೊತೆಗೆ ಬಂದಿದ್ದ, ಕೈಗೊಂದರಂತೆ ಎರಡು ಹೋಳಿನ ಕೀಬೋರ್ಡನ್ನು ಅವಳಿ ಕೂಸುಗಳಂತೆ ಎದೆಗವಚಿಕೊಂಡು ಇವನು ಮುಂದೆ ನಡೆದ.

ನಡುಮೆಟ್ಟಿಲಲ್ಲಿ ಹಿರಿಯಳು ಏದುಸಿರು ಬಿಟ್ಟಳು. "ನೀನೂ ಒಂದು ಕೈ ಹಿಡಿ ತಂಬಿ."

ಅವನು ತಿರುಗಿಯೂ ನೋಡಲಿಲ್ಲ.

"ಅಯ್ಯೋ, ಬೆನ್ನು ಮುಖ್ಯಂ ಅತ್ತೆ."