ಬ್ಯಾಕಪ್ ತೆಗೆದಾಯ್ತು

ಪೂವಪ್ಪಣ್ಣ ಮುಂಬೈಯ ಮಾಟುಂಗದ ಹೋಟೆಲೊಂದರಲ್ಲಿ ಮೂವತ್ತೊಂದು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ನಮ್ಮ ಕನ್ನಡ ಸಂಘದ ಕಂಪ್ಯೂಟರ್ ಅವರ ಕೈಗೆ ಬಂದದ್ದು ಅದು ಬೇರೆ ಯಾರಿಗೂ ಬೇಡವಾಗಿದ್ದರಿಂದ. ವೈರಸ್ ತುಂಬಿ ನರಳುತ್ತಿದ್ದ ಆ ಡಬ್ಬಕ್ಕೆ, ಗಿರಾಕಿಯೊಬ್ಬರನ್ನು ಕೇಳಿ ಕಲಿತು, ತಾವೇ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದರು. ಸಂಘದ ಕಾರ್ಯದರ್ಶಿಯಾದ ನನಗೆ ಮೌಸ್ ಹಿಡಿಯುವುದಷ್ಟೇ ಗೊತ್ತು. ಆದರೂ ಸಲಹೆ ಕೊಡುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ಆ ಕಂಪ್ಯೂಟರಿನಲ್ಲಿ ಅವರ ಹೆಂಡತಿ ಸೇವಂತಿಯಕ್ಕನ ದನಿ ಇತ್ತು. ಭಾನುವಾರದ ಕನ್ನಡ ತರಗತಿಗಾಗಿ ಅಕ್ಕ ಓದಿ ರೆಕಾರ್ಡ್ ಮಾಡಿದ ನಲವತ್ತಮೂರು ಪಾಠಗಳು. ಹೋದ ವರ್ಷ ಗಂಟಲಿನ ಆಪರೇಷನ್ನಿನಲ್ಲಿ ಅಕ್ಕನ ದನಿಪೆಟ್ಟಿಗೆಯನ್ನೇ ತೆಗೆದರು. ಆಮೇಲೂ ಅವರು ತರಗತಿಗೆ ಬರುತ್ತಿದ್ದರು. ಪಾಠವನ್ನು ಕಂಪ್ಯೂಟರ್ ಹೇಳುತ್ತಿತ್ತು, ಬೋರ್ಡಿನ ಮೇಲೆ ಅಕ್ಕ ಬರೆಯುತ್ತಿದ್ದರು. ತಮ್ಮ ದನಿ ಕೇಳುವಾಗ ಅವರ ತುಟಿಯೂ ಆಡುತ್ತಿತ್ತು. ಮಕ್ಕಳಿಗೆ ಅದು ರೂಢಿಯಾಗಿತ್ತು. ನಾನು ಮಾತ್ರ ನೋಡಲಾರದೆ ಹೊರಗೆ ಹೋಗಿ ನಿಲ್ಲುತ್ತಿದ್ದೆ.

ಕರ್ನಲ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ ಎಂದು ಪರದೆಯ ಮೇಲೆ ದಿನವೂ ಸೂಚನೆ ಬರುತ್ತಿತ್ತು. ಕರ್ನಲ್ ಅಂದರೆ ಲಿನಕ್ಸಿನ ಮೂಲಭಾಗ. ಯಂತ್ರವನ್ನೆಲ್ಲ ನಡೆಸುವುದು ಅದೇ.

"ಮಾಡಿಬಿಡಿ ಪೂವಪ್ಪಣ್ಣ, ಯಾರಾದ್ರೂ ಕಳ್ಳರು ಒಳಗೆ ನುಗ್ಗಿದ್ರೆ?" ಎಂದು ನಾನು ಬೆನ್ನು ಬಿದ್ದೆ.

"ಚಂದ ಓಡ್ತಾ ಉಂಟಲ್ಲ ಮಾರಾಯ್ರೆ. ಹದಕ್ಕೆ ಬಂದ ಕಾವಲಿಯನ್ನು ಯಾರಾದ್ರೂ ಸೋಪು ಹಾಕಿ ತಿಕ್ತಾರಾ?"

ಕೊನೆಗೆ ನಾನು ಕಮಿಟಿಯಲ್ಲಿ ವಿಷಯ ಎತ್ತಿ ಠರಾವು ಮಾಡಿಸಿದೆ. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, "ಆಯ್ತು, ಬ್ಯಾಕಪ್ ಇದ್ರೆ ಹೆದರಿಕೆ ಇಲ್ಲ" ಎಂದರು. ಪಾಠಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಮೊದಲೇ ಇತ್ತು. ಅಪ್‌ಡೇಟಿಗೆ ಮುಂಚೆ ಇನ್ನೊಮ್ಮೆ ಹೊಸದಾಗಿ ತೆಗೆಯಬೇಕೆಂಬುದು ಅವರ ಕ್ರಮ.

ಗೊತ್ತುಮಾಡಿದ ಶನಿವಾರವೇ ಅಕ್ಕನನ್ನು ತಪಾಸಣೆಗೆಂದು ಸಾಂತಾಕ್ರೂಜ್‌ನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂತು. ಕಂಪ್ಯೂಟರಿನ ಮುಂದೆ ಸಂಘದ ಸದಸ್ಯರೊಬ್ಬರ ಮಗಳು ಶ್ರಾವ್ಯಾ ಕೂತಳು. ಇಂಜಿನಿಯರಿಂಗ್ ಓದುತ್ತಿರುವ ಜಾಣೆ. ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಮುಕ್ಕಾಲು ಭಾಗ ಅರ್ಥವಾಗುತ್ತದೆ. ಸ್ಪೀಕರಿನಲ್ಲಿಟ್ಟು ಪೂವಪ್ಪಣ್ಣನಿಗೆ ಫೋನ್ ಮಾಡಿದಳು.

"ಅಂಕಲ್, ಬ್ಯಾಕಪ್‌ವಾಲಾ ಡಿಸ್ಕ್ ಇದೆ ನಾ, ಅದು ಫುಲ್ ಇದೆ. ಏನು ಮಾಡ್ಲಿ?"

ಆಸ್ಪತ್ರೆಯ ಗದ್ದಲದಲ್ಲಿ ಅವರಿಗೆ ಎಷ್ಟು ಕೇಳಿಸಿತೋ. "ಫಸ್ಟ್ ಬ್ಯಾಕಪ್ ತೆಗಿ ಮಗಾ. ಮತ್ತೆ ಅಪ್‌ಡೇಟ್ ಮಾಡು" ಎಂದರು.

ಫೋಟೊ ತೆಗೆಯುವುದೂ ತೆಗೆಯುವುದೇ, ಕಸ ತೆಗೆಯುವುದೂ ತೆಗೆಯುವುದೇ. ಪಕ್ಕದಲ್ಲಿದ್ದ ನನಗೆ ಮೊದಲನೆಯ ಅರ್ಥ ಹೊಳೆಯಿತು, ಅವಳಿಗೆ ಎರಡನೆಯದು. ನಾನು ನಿಶ್ಚಿಂತೆಯಿಂದ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಅವಳು ಡಿಸ್ಕನ್ನು ಪೂರ್ತಿ ಒರೆಸಿ, ಜಾಗ ಸಿಕ್ಕಿತೆಂದು ವಾರ್ಷಿಕೋತ್ಸವದ ವೀಡಿಯೊಗಳನ್ನು ಅದರಲ್ಲಿ ತುಂಬಿಸಿದ್ದಳು.

ಹೊಸ ಕರ್ನಲ್ ಸರಿಯಾಗಿಯೇ ಕೂತಿತು. ಆದರೆ ಅದು ಪೂವಪ್ಪಣ್ಣ ವರ್ಷಗಟ್ಟಲೆ ಆಫ್ ಮಾಡದೆ ಇಟ್ಟಿದ್ದ ಯಂತ್ರ. ಅಪ್‌ಡೇಟ್ ಜಾರಿಗೆ ಬರಲೆಂದು ಆಫ್ ಮಾಡಿ ಮತ್ತೆ ಆನ್ ಮಾಡಿದಾಗ, ಪಾಠಗಳೆಲ್ಲ ಇದ್ದ ಒಳಗಿನ ಮುದಿ ಡಿಸ್ಕ್ ನಾಲ್ಕು ಸಲ ಕಟಕಟ ಎಂದು ನಿಂತೇ ಹೋಯಿತು.

"ಬ್ಯಾಕಪ್ ಇದೆಯಲ್ಲ" ಎಂದೆ, ಧೈರ್ಯವಾಗಿ.

ಶ್ರಾವ್ಯಾ ಕುರ್ಚಿಯಿಂದ ಎದ್ದಳು. "ಅಂಕಲ್ ತೆಗಿ ಅಂದ್ರಲ್ಲ... ನಾನು ತೆಗೆದೆ. ಡಿಲೀಟ್."

ಕರೆಂಟಿನ ಕೆಲಸವೆಂದು ಅಕ್ಕನಿಗೆ ಹೇಳಿ ಆ ಭಾನುವಾರದ ತರಗತಿ ಬಿಟ್ಟೆವು. ರಿಪೇರಿಯವರು ಮೂರು ಮಂದಿ ಎರಡೂ ಡಿಸ್ಕ್ ನೋಡಿ ಆಗುವುದಿಲ್ಲ ಎಂದರು. ಯಾರನ್ನು ಬೈಯಲಿ? ಹುಡುಗಿಯನ್ನೇ? ಠರಾವು ಮಾಡಿಸಿದವನು ನಾನು. ಪೂವಪ್ಪಣ್ಣ ನನಗೆ ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲೇ ಇಲ್ಲ. "ಸೇವಂತಿಗೆ ಹೇಳ್ಬೇಕಲ್ಲ. ನೀವೂ ಬನ್ನಿ" ಎಂದರಷ್ಟೆ.

ಲೋಕಲ್ ರೈಲಿನಲ್ಲಿ, ಅವರ ಮನೆಯಿರುವ ಮಲಾಡ್‌ವರೆಗೆ ನಿಂತೇ ಹೋದೆವು. ಹೇಗೆ ಹೇಳುವುದೆಂದು ಇಬ್ಬರಿಗೂ ತೋಚಲಿಲ್ಲ.

ಅಕ್ಕ ಬಾಗಿಲು ತೆರೆದು, ನನ್ನನ್ನು ಕಂಡು ನಕ್ಕು, ಚಹಾಕ್ಕೆ ಇಟ್ಟರು. ಆಮೇಲೆ ಸ್ಲೇಟು ತಂದು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದರು: 'ಬ್ಯಾಕಪ್ ತೆಗೆದಾಯ್ತಾ?'

ಪೂವಪ್ಪಣ್ಣ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

"ಹೌದು," ಎಂದರು. "ತೆಗೆದಾಯ್ತು."

ಅಕ್ಕ ಸಮಾಧಾನದಿಂದ ಸ್ಲೇಟು ಒರೆಸಿ, ಈ ಭಾನುವಾರ ಯಾವ ಪಾಠ ಎಂದು ಬರೆಯತೊಡಗಿದರು.