ನಾನೇ ಸಹಿ ಮಾಡಿದ ಬ್ರೇಕು

೧೯೭೬ರಲ್ಲಿ ನಾನು ಬಿಜಾಪುರದ, ಅಂದರೆ ಈಗಿನ ವಿಜಯಪುರದ, ಒಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಮೋಟರ್ ಮೆಕ್ಯಾನಿಕ್ ವಿಭಾಗದ ಇನ್‌ಸ್ಟ್ರಕ್ಟರ್ ಆಗಿದ್ದೆ. ವಯಸ್ಸು ಮೂವತ್ತೆಂಟು. ಊರಿನಲ್ಲಿ ಯಾರ ಗಾಡಿ ಕೈಕೊಟ್ಟರೂ "ಮಾಸ್ತರನ್ನ ಕೇಳ್ರಿ" ಎನ್ನುವುದು ರೂಢಿಯಾಗಿತ್ತು. ಆ ಮಾತು ಕೇಳಿ ಕೇಳಿ ನನ್ನ ತಲೆ ಸ್ವಲ್ಪ ತಿರುಗಿತ್ತು. ಇವತ್ತು ಅದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಆಗ ಯಾರಾದರೂ ಹಾಗೆಂದಿದ್ದರೆ ಸ್ಪ್ಯಾನರ್ ಎತ್ತಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದೆ.

ಆ ವರ್ಷ ಊರಿನ ಕೆಲವು ಕಾರಿನ ಹುಚ್ಚರು ಕ್ಲಬ್ಬು ಕಟ್ಟಿಕೊಂಡು ಒಂದು ರ್‍ಯಾಲಿ ಮಾಡುವುದೆಂದು ಹೊರಟರು. ರ್‍ಯಾಲಿ ಎಂದರೆ ಯಾರು ಮೊದಲು ಮುಟ್ಟುತ್ತಾರೆ ಎಂಬ ಓಟವಲ್ಲ. ಇಂತಿಷ್ಟೇ ಸರಾಸರಿ ವೇಗದಲ್ಲಿ ಹೋಗಿ, ದಾರಿಯ ಪ್ರತಿ ಕಂಟ್ರೋಲ್‌ಗೆ, ಅಂದರೆ ತಪಾಸಣೆಯ ಠಾಣೆಗೆ, ಹೇಳಿದ ನಿಮಿಷಕ್ಕೆ ಸರಿಯಾಗಿ ತಲುಪಬೇಕು. ತಡವಾದರೂ ದಂಡದ ಅಂಕ, ಬೇಗ ಹೋದರೂ ದಂಡದ ಅಂಕ. ಒಬ್ಬ ಓಡಿಸುತ್ತಾನೆ. ಪಕ್ಕದಲ್ಲಿ ನ್ಯಾವಿಗೇಟರ್ ಸ್ಟಾಪ್‌ವಾಚ್ ಹಿಡಿದು ಲೆಕ್ಕ ಹೇಳುತ್ತಾನೆ. ಬಿಜಾಪುರದಿಂದ ತಿಕೋಟಾ, ಅಲ್ಲಿಂದ ಹೊನವಾಡ, ತಿರುಗಿ ತಿಕೋಟಾ, ಆಮೇಲೆ ಬಬಲೇಶ್ವರ, ಕೊನೆಗೆ ಡೋಣಿ ನದಿಯ ಸೇತುವೆ ದಾಟಿ ಊರು: ಒಟ್ಟು ಸುಮಾರು ತೊಂಬತ್ತೈದು ಕಿಲೋಮೀಟರ್, ಎಲ್ಲವೂ ಡಾಂಬರು ರಸ್ತೆ. ತುರ್ತು ಪರಿಸ್ಥಿತಿಯ ಕಾಲವದು. ನಾಲ್ಕು ಜನ ಒಂದೆಡೆ ನಿಂತರೆ ಕಾರಣ ಹೇಳಬೇಕಾಗಿದ್ದ ದಿನಗಳಲ್ಲಿ ಪರವಾನಗಿಗಾಗಿ ಅವರು ಎರಡು ತಿಂಗಳು ಕಚೇರಿಯಿಂದ ಕಚೇರಿಗೆ ಅಲೆದಿದ್ದರು.

ನಿಯಮದಂತೆ ಪ್ರತಿ ಗಾಡಿಯನ್ನೂ ಒಬ್ಬ ಸ್ಕ್ರೂಟಿನಿಯರ್ ಪರೀಕ್ಷಿಸಿ "ಓಡಲು ಯೋಗ್ಯ" ಎಂದು ಸಹಿ ಮಾಡಬೇಕು. ಆ ಕೆಲಸ ನನ್ನ ಪಾಲಿಗೆ ಬಂತು.

ಹೊರಟಿದ್ದ ಗಾಡಿಗಳಲ್ಲಿ ಹೆಚ್ಚಿನವು ಅಂಬಾಸಡರ್, ಫಿಯಾಟ್, ಜೀಪು. ಒಂದೇ ಒಂದು ನಿಜವಾದ ಸ್ಪೋರ್ಟ್ಸ್ ಕಾರು: ಇಂಗ್ಲೆಂಡಿನಲ್ಲಿ ತಯಾರಾದ, ಇಪ್ಪತ್ತು ವರ್ಷ ದಾಟಿದ, ಹಸಿರು ಬಣ್ಣದ, ಮೇಲ್ಛಾವಣಿಯಿಲ್ಲದ ಎರಡು ಸೀಟಿನ ಗಾಡಿ. ಅದರ ಒಡೆಯರು ಮೆಹಬೂಬ್ ಸಾಹೇಬರು. ಜೋರಾಪುರ ಪೇಟೆಯಲ್ಲಿ ಅವರ ಹಾರ್ಡ್‌ವೇರ್ ಅಂಗಡಿ ಇತ್ತು. ಅಂಗಡಿಯಲ್ಲಿ ಮೊಳೆ ತೂಗುವಾಗ ಅವರಷ್ಟು ಮೆತ್ತಗಿನ ಮನುಷ್ಯ ಇನ್ನೊಬ್ಬರಿಲ್ಲ. ಭಾನುವಾರ ಮುಂಜಾನೆ ಆ ಕಾರಿನಲ್ಲಿ ಕುಳಿತರೆಂದರೆ ತಿಕೋಟಾ ರಸ್ತೆಯ ತಿರುವುಗಳೆಲ್ಲ ತಮ್ಮ ಸ್ವಂತದ್ದೆಂಬಂತೆ ಓಡಿಸುತ್ತಿದ್ದರು. ಗಾಡಿಗೆ ಒಂದು ಊನವಿತ್ತು. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಯಾರಾದರೂ ಹೊರಗೆ ನಿಂತು ಚಿಲಕ ಎತ್ತಬೇಕು.

ರ್‍ಯಾಲಿಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅದರ ಬ್ರೇಕನ್ನು ನಾನೇ ಬಿಚ್ಚಿ ಕೂಡಿಸಿದೆ. ಬ್ರೇಕ್ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಪೈಪಿನೊಳಗೆ ಹೋಗಿ ಗಾಲಿಯ ಹತ್ತಿರದ ಸಿಲಿಂಡರ್‌ಗಳಲ್ಲಿರುವ ಚಿಕ್ಕ ರಬ್ಬರ್ ಕಪ್‌ಗಳನ್ನು ತಳ್ಳುತ್ತದೆ. ಗಾಡಿ ನಿಲ್ಲುವುದು ಆ ರಬ್ಬರ್ ಮೇಲೆ. ಹಳೆಯ ಕಪ್‌ಗಳು ಸವೆದಿದ್ದವು. ಮೆಹಬೂಬ್ ಸಾಹೇಬರು ಎಲ್ಲಿಂದಲೋ ಹೊಸವನ್ನು ತರಿಸಿದ್ದರು, ಒಂದು ಹೆಚ್ಚಿಗೆ.

ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ. ಯಾವ ಭಾಗ ಬಿಚ್ಚಿದರೂ, ಹಳೆಯದಿರಲಿ ಹೊಸದಿರಲಿ, ಕೂಡಿಸುವ ಮುಂಚೆ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ತಟ್ಟೆಯಲ್ಲಿ ಅದಕ್ಕೊಂದು ಜಳಕ. ಬೇರಿಂಗು, ಗೇರು, ನಟ್ಟು ಬೋಲ್ಟು, ಯಾವುದಕ್ಕೂ ರಿಯಾಯಿತಿ ಇಲ್ಲ. ರಬ್ಬರಿಗೆ ಮಾತ್ರ ಚಿಮಣಿ ಎಣ್ಣೆ ವಿಷ. ಹೀರಿಕೊಂಡು ಉಬ್ಬುತ್ತದೆ. "ಬ್ರೇಕಿನ ರಬ್ಬರನ್ನು ಬ್ರೇಕ್ ಆಯಿಲ್‌ನಲ್ಲಿ ಮಾತ್ರ ತೊಳೆಯಬೇಕು" ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದವನು ನಾನೇ. ಆದರೆ ಕೈಗೆ ಬೋರ್ಡು ಗೊತ್ತಿರುವುದಿಲ್ಲ, ತಟ್ಟೆ ಗೊತ್ತಿರುತ್ತದೆ. ಕಪ್‌ಗಳನ್ನು ಅದ್ದಿ ತೆಗೆದೆ. ಪೈಪುಗಳೊಳಗೂ ಅದೇ ಎಣ್ಣೆ ಹಾಯಿಸಿದೆ. ಬಾಯಿಯಲ್ಲಿ ಯಾರಿಗೋ ಏನೋ ಪಾಠ ಹೇಳುತ್ತಲೇ ಇದ್ದೆ. ಪೆಡಲ್ ಒತ್ತಿ ನೋಡಿದೆ, ಕಲ್ಲಿನಂತೆ ಗಟ್ಟಿ. ಸಂತೋಷದಿಂದ ಫಾರಂಗೆ ಸಹಿ ಹಾಕಿದೆ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನವರು ಕೇಳಿದ್ದ ಸ್ಟಾಪ್‌ವಾಚ್ ತರಲು ವರ್ಕ್‌ಶಾಪಿಗೆ ಹೋದೆ. ತಟ್ಟೆಯ ತಳದಲ್ಲಿ ಉಳಿದಿದ್ದ ಆ ಹೆಚ್ಚಿಗೆಯ ಕಪ್ ಕಾಣಿಸಿತು. ರಾತ್ರಿಯಿಡೀ ನೆನೆದು ಹಾಲಿನಲ್ಲಿ ಬಿದ್ದ ಬ್ರೆಡ್ಡಿನಂತೆ ಊದಿತ್ತು. ಅದೇ ಅಳತೆಯ ಹಳೆಯ ಸಿಲಿಂಡರೊಂದಕ್ಕೆ ಹಾಕಿ ನೋಡಿದೆ. ಒಳಗೆ ಹೋಗಲೇ ಇಲ್ಲ. ಗಾಡಿಯೊಳಗಿನ ಕಪ್‌ಗಳು ಒಂದೇ ಸಲ ಅದ್ದಿ ತೆಗೆದವು, ಅಷ್ಟು ಕೆಟ್ಟಿರಲಿಕ್ಕಿಲ್ಲ ಎಂದು ಒಂದು ಮನಸ್ಸು. ಪೈಪಿನಲ್ಲಿ ಎಷ್ಟು ಎಣ್ಣೆ ಉಳಿದಿದೆಯೋ ಬಲ್ಲವರಾರು ಎಂದು ಇನ್ನೊಂದು ಮನಸ್ಸು. ಹೇಳಿಬಿಡಬೇಕೆಂದೇ ಸೈಕಲ್ ತುಳಿದುಕೊಂಡು ರ್‍ಯಾಲಿ ಹೊರಡುವ ಜಾಗಕ್ಕೆ ಹೋದೆ.

ಅಲ್ಲಿ ಧ್ವಜ ತೋರಿಸಲು ನಮ್ಮ ಪ್ರಿನ್ಸಿಪಾಲರೇ ಬಂದು ನಿಂತಿದ್ದರು. ನನ್ನ ತರಗತಿಯವರೆಲ್ಲ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೆಹಬೂಬ್ ಸಾಹೇಬರು ಓಡಿ ಬಂದರು. ಅವರ ನ್ಯಾವಿಗೇಟರಿಗೆ ಬೆಳಿಗ್ಗೆಯಿಂದ ಜ್ವರ.

"ಮಾಸ್ತರ, ಇನ್ನ ನೀವ ಕುಂದರಬೇಕ್ರಿ. ಲೆಕ್ಕ ಹೇಳೂದು ನಿಮಗ ಬರತೈತಿ, ಗಾಡಿನೂ ನಿಮಗ ಗೊತ್ತೈತಿ. ಇಲ್ಲಾ ಅನಬ್ಯಾಡ್ರಿ."

ಅವರ ಹಿಂದೆ ಅವರ ತಾಯಿ ನಿಂತಿದ್ದರು. ಪೇಟೆಯವರೆಲ್ಲ ಅವರನ್ನು ದಾದಿಮಾ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಆಕೆ ಮಗನ ಈ ಹುಚ್ಚಿಗೆ ಎಂದೂ ಒಪ್ಪಿದವರಲ್ಲ. ನನ್ನ ಎದುರು ಎರಡೂ ಕೈ ಜೋಡಿಸಿದರು. "ಬೇಟಾ, ನನಗ ಇರಾಂವ ಇವನೊಬ್ಬನ. ನೀ ಸಂಗಾಟ ಹೊಂಟಿ ಅಂದ್ರ ನನಗ ಧೈರ್ಯ."

ಇದಕ್ಕಿಂತ ಸರಿಯಾದ ಗಳಿಗೆ ಇನ್ನಾವುದಿತ್ತು? ಆಗಲೇ ಹೇಳಬೇಕಿತ್ತು. ಪ್ರಿನ್ಸಿಪಾಲರು ನೋಡುತ್ತಿದ್ದರು, ಹುಡುಗರು ನೋಡುತ್ತಿದ್ದರು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಎಂಥ ಮೂರ್ಖ ಉಪಾಯ ನೋಡಿ: ನಾನೂ ಅದೇ ಗಾಡಿಯಲ್ಲಿ ಕುಳಿತರೆ ಆಯಿತಲ್ಲ, ಅವರಿಗೆ ಆದದ್ದು ನನಗೂ ಆಗುತ್ತದೆ, ಮೋಸವೇನು ಬಂತು? ಕುಳಿತೆ. ಮೆಹಬೂಬ್ ಸಾಹೇಬರು ಹೊರಗಿನಿಂದ ಬಾಗಿಲು ಹಾಕಿದರು. ಮೊಳಕಾಲು ಡ್ಯಾಶ್‌ಬೋರ್ಡಿಗೆ, ಭುಜ ಬಾಗಿಲಿಗೆ ಒತ್ತಿದ್ದವು. ಚಿಲಕ ಬಾಗಿಲಿನ ಹೊರಗೆ ಕೆಳಗಡೆ, ನನ್ನ ಕೈಗೆ ನಿಲುಕದ ಕಡೆ ಇತ್ತು.

ತಿಕೋಟಾದವರೆಗೆ ಬ್ರೇಕು ಚೆನ್ನಾಗಿಯೇ ಹಿಡಿಯಿತು. ನಾನು ಮಾತ್ರ ಸುಳ್ಳು ಲೆಕ್ಕ ಹೇಳತೊಡಗಿದ್ದೆ. ಗಂಟೆಗೆ ನಲವತ್ತೈದರ ಸರಾಸರಿ ಬೇಕಾದಲ್ಲಿ "ಮೂವತ್ತೈದು ಸಾಕ್ರಿ" ಎಂದೆ. ಎದುರಿಗೆ ಎಮ್ಮೆ ಕಂಡರೆ ಸಾವಕಾಶ, ತಿರುವು ಕಂಡರೆ ಸಾವಕಾಶ.

"ಮಾಸ್ತರ, ರ್‍ಯಾಲಿಗೆ ಬಂದೇವೋ, ನಿಬ್ಬಣಕ್ಕ ಹೊಂಟೇವೋ?" ಎಂದು ಮೆಹಬೂಬ್ ಸಾಹೇಬರು ನಕ್ಕರು. ಹೊನವಾಡ ಮುಟ್ಟುವಷ್ಟರಲ್ಲಿ ನಾವು ಹದಿನೇಳು ನಿಮಿಷ ತಡವಾಗಿದ್ದೆವು. ಅಷ್ಟಾದರೂ ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ತಿರುಗಿ ತಿಕೋಟಾ ದಾಟಿ ಬಬಲೇಶ್ವರದ ದಾರಿ ಹಿಡಿದ ಮೇಲೆ ಅವರ ಹುಬ್ಬು ಗಂಟಿಕ್ಕಿತು.

"ಗಾಡಿ ಯಾಕೋ ಹಿಂದಕ್ಕ ಜಗ್ಗಾಕತ್ತೈತ್ರಿ."

ಯಾಕೆಂದು ನನಗೆ ಗೊತ್ತಿತ್ತು. ರಬ್ಬರು ಉಬ್ಬಿ, ಒತ್ತಿದ ಬ್ರೇಕು ಪೂರ್ತಿ ಬಿಡುತ್ತಿರಲಿಲ್ಲ. ಗಾಲಿ ತಿಕ್ಕಾಡುತ್ತ ಕಾಯುತ್ತಿತ್ತು. ಹೀಗೇ ಬಿಸಿಯೇರಿದರೆ ಒಳಗಿನ ಬ್ರೇಕ್ ಆಯಿಲ್ ಆವಿಯಾಗುತ್ತದೆ. ಆವಿಯಾದರೆ ಪೆಡಲ್ ಒತ್ತಿದರೂ ತಳ್ಳಲು ಏನೂ ಇರುವುದಿಲ್ಲ. ಇದನ್ನೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲವನು ಅಂದು ಹೇಳಿದ್ದು: "ಎದುರುಗಾಳಿ ಐತ್ರಿ."

ಬಬಲೇಶ್ವರದ ಕಂಟ್ರೋಲ್‌ನಲ್ಲಿ ಎರಡು ನಿಮಿಷದ ನಿಲುಗಡೆ. ಮೆಹಬೂಬ್ ಸಾಹೇಬರು ನೀರು ಕುಡಿಯಲು ಇಳಿದರು. ನಾನು ಒಳಗೇ ಇದ್ದೆ. ಅಲ್ಲಿದ್ದ ಕ್ಲಬ್ಬಿನವರೊಬ್ಬರು ಮೂಗು ಹಿಂಡುತ್ತ ಹತ್ತಿರ ಬಂದರು. "ಗಾಲಿಯಿಂದ ಸುಟ್ಟ ವಾಸನಿ ಬರಾಕತ್ತೈತಲ್ರಿ ಮಾಸ್ತರ?"

"ಬ್ರೇಕ್ ನಿನ್ನೆ ಬಿಚ್ಚಿ ಹಾಕೇನ್ರಿ. ಮೊದಲಿಗೆ ಹಂಗ ಬರತೈತಿ."

"ನೀವ ಅಂದಮ್ಯಾಲ ಮುಗೀತು ಬಿಡ್ರಿ" ಎಂದು ಅವರು ಕಾರ್ಡು ಮುಂದೆ ಹಿಡಿದರು. ನಿಯಮದಂತೆ ಗಾಡಿ ಸುಸ್ಥಿತಿಯಲ್ಲಿದೆ ಎಂದು ಅಲ್ಲಿ ನ್ಯಾವಿಗೇಟರ್ ಸಹಿ ಮಾಡಬೇಕು. ಮಾಡಿದೆ. ಮೊದಲ ಸಹಿ ಗೊತ್ತಿಲ್ಲದೆ ಮಾಡಿದ್ದು. ಎರಡನೆಯದಕ್ಕೆ ಯಾವ ನೆಪವೂ ಇಲ್ಲ. ಐವತ್ತು ವರ್ಷವಾಗುತ್ತ ಬಂತು, ಆ ಎರಡನೆಯ ಸಹಿ ನೆನಪಾದರೆ ನನಗೆ ಈಗಲೂ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಹೊರಟೆವು. ಕಳೆದ ಹೊತ್ತು ಹೊಂದಿಸಲು ಮೆಹಬೂಬ್ ಸಾಹೇಬರು ವೇಗ ಹೆಚ್ಚಿಸಿದರು. ನನ್ನ ಮಾತು ಕೇಳುವುದನ್ನು ಅವರು ಬಿಟ್ಟಿದ್ದರು. ಸ್ಪೀಡೋಮೀಟರ್ ಅರವತ್ತು ದಾಟಿತು. ಮುಂದೆ ರಸ್ತೆ ಡೋಣಿಯ ಸೇತುವೆಗೆ ಇಳಿಯುವ ಜಾಗ ದೂರದಿಂದಲೇ ಕಾಣಿಸಿತು. ಸೇತುವೆಯ ಮೇಲೆ ಜೋಳದ ಕಣಿಕೆ ಹೇರಿದ ಬಂಡಿಗಳು ಒಂದರ ಹಿಂದೊಂದು ನಿಂತಿದ್ದವು. ಪಕ್ಕದಲ್ಲಿ ಹಾಯಲು ಸೈಕಲ್ಲಿಗೂ ಜಾಗವಿರಲಿಲ್ಲ. ಬಂಡಿಗಳ ಮೇಲೆ ಹೆಂಗಸರು ಕುಳಿತಿದ್ದರು.

ಆ ಹೆಂಗಸರನ್ನು ಕಂಡಾಗ ನನ್ನ ಬಾಯಿಯ ಬೀಗ ಬಿಟ್ಟಿತು. ಅಪಾಯ ನಮ್ಮಿಬ್ಬರಿಗೆ ಮಾತ್ರ ಎಂಬ ನನ್ನ ಲೆಕ್ಕವೂ ಸುಳ್ಳಾಗಿತ್ತು.

"ಸಾಹೇಬ್ರ, ಇಳಿಜಾರಕ್ಕ ಹೋಗಬ್ಯಾಡ್ರಿ! ಬ್ರೇಕ್ ಹಿಡಿಯೂದಿಲ್ಲ. ನಾನ ಕೆಡಿಸೇನಿ. ಹೊಲಕ್ಕ ಇಳಸ್ರಿ, ಹೊಲಕ್ಕ!"

ಅವರು ಪೆಡಲ್ ಒತ್ತಿದರು. ಅದು ತಳಕ್ಕೆ ಹೋಗಿ ಅಲ್ಲೇ ಉಳಿಯಿತು. ಗೇರ್ ಇಳಿಸಿದರು, ಇಂಜಿನ್ ಚೀರಿತು. ಹ್ಯಾಂಡ್ ಬ್ರೇಕ್ ಎಳೆದು ಸ್ಟೀರಿಂಗ್ ಎಡಕ್ಕೆ ತಿರುಗಿಸಿದರು. ಡಾಂಬರು ಬಿಟ್ಟು ಗಾಡಿ ಕಡಲೆ ಕಿತ್ತ ಎರೆ ಹೊಲಕ್ಕೆ ನುಗ್ಗಿತು. ಎರಡು ಸಲ ಎತ್ತಿ ಕುಕ್ಕಿ, ಹೆಂಟೆಗಳನ್ನು ಮುಖಕ್ಕೆ ಎರಚಿ, ಗಾಲಿಗಳು ಅರ್ಧ ಹೂತು ನಿಂತಿತು. ಸೇತುವೆ ಅಲ್ಲಿಂದ ಇನ್ನೂರು ಮಾರು ಇರಬಹುದು.

ಮೆಹಬೂಬ್ ಸಾಹೇಬರು ಇಳಿದು ಗಾಡಿಯ ಮುಂದಿನಿಂದ ಸುತ್ತಿ ನನ್ನ ಬಾಗಿಲ ಹತ್ತಿರ ಬಂದರು. ಚಿಲಕದ ಮೇಲೆ ಕೈಯಿಟ್ಟರು, ಎತ್ತಲಿಲ್ಲ.

"ಯಾವಾಗ ಗೊತ್ತಾತ್ರಿ?"

"ಮುಂಜಾನೆ."

"ನಮ್ಮವ್ವ ಕೈ ಮುಗದಾಗ ಗೊತ್ತಿತ್ತು?"

"ಗೊತ್ತಿತ್ರಿ."

ಆ ಡಬ್ಬಿಯಂಥ ಸೀಟಿನಲ್ಲಿ ಮುಖ ಮುಚ್ಚಿಕೊಳ್ಳಲೂ ಕೈ ಎತ್ತಲಾಗದೆ ಕುಳಿತಿದ್ದೆ. ಆಮೇಲೆ ಅವರು ಚಿಲಕ ಎತ್ತಿ ಬಾಗಿಲು ತೆರೆದು, ನಾನು ಇಳಿಯುವುದನ್ನೂ ಕಾಯದೆ ಸೇತುವೆಯ ಕಡೆ ನಡೆದು ಹೋದರು.

ಊರಿಗೆ ಬಂದು ಕ್ಲಬ್ಬಿನವರ ಎದುರು, ಪ್ರಿನ್ಸಿಪಾಲರ ಎದುರು ಎಲ್ಲ ಹೇಳಿದೆ. ನನ್ನ ಎರಡೂ ಸಹಿಗಳ ಮೇಲೆ ಗೆರೆ ಎಳೆದು "ತಪ್ಪು" ಎಂದು ಬರೆದೆ. ಸಂಜೆ ಐದಕ್ಕೆ ಜೋರಾಪುರ ಪೇಟೆಗೆ ಹೋದೆ. ಮೆಹಬೂಬ್ ಸಾಹೇಬರು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ದಾದಿಮಾ ಹೊಸ್ತಿಲ ಹತ್ತಿರ ಅಕ್ಕಿ ಆರಿಸುತ್ತಿದ್ದರು. ನಡೆದದ್ದೆಲ್ಲ ಅವರಿಗೆ ಆಗಲೇ ಗೊತ್ತಾಗಿತ್ತು. ಆದರೂ ನಾನು ಮೊದಲಿನಿಂದ ಹೇಳಿದೆ. ಕೊನೆಗೆ, ಫಾರಂ ಮೇಲೆ ತಪ್ಪು ಸಹಿ ಮಾಡಿದೆ ನಿಜ, ಆದರೆ ಮೆಹಬೂಬ್ ಸಾಹೇಬರೊಬ್ಬರನ್ನೇ ಕಳಿಸಲಿಲ್ಲ, ನಾನೂ ಕುಳಿತೆ ಎಂದೆ. ಅಷ್ಟಾದರೂ ನನ್ನ ಪರವಾಗಿ ಇದೆಯಲ್ಲ ಎಂಬ ಆಸೆ ನನಗೆ.

ಆಕೆ ಮೊರ ಕೆಳಗಿಟ್ಟರು. ದನಿ ಏರಿಸಲಿಲ್ಲ.

"ಬೇಟಾ, ನನಗ ಓದಾಕ ಬರೂದಿಲ್ಲ. ನಿನ್ನ ಸಹಿ ನಾ ಎಲ್ಲಿ ನೋಡ್ಲಿ? ನೀ ಗಾಡ್ಯಾಗ ಕುಂತಿ. ಅದನ್ನ ನೋಡಿ ನಾ ನನ್ನ ಮಗನ್ನ ಬಿಟ್ಟೆ."

ನಾನು ಪ್ರಾಯಶ್ಚಿತ್ತವೆಂದುಕೊಂಡದ್ದೇ ಎಲ್ಲಕ್ಕಿಂತ ದೊಡ್ಡ ಸುಳ್ಳು ಸಹಿಯಾಗಿತ್ತು. ಅಲ್ಲಿಂದ ಎದ್ದು ಹೇಗೆ ಮನೆಗೆ ಬಂದೆನೋ ನೆನಪಿಲ್ಲ.

ಉಬ್ಬಿದ ಆ ರಬ್ಬರ್ ಕಪ್ಪನ್ನು ನಿವೃತ್ತಿಯಾಗುವವರೆಗೆ ಮೇಜಿನ ಮೇಲಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಪ್ರತಿ ಹೊಸ ತಂಡದ ಮೊದಲ ದಿನ ಅದನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ಇದು ಯಾರ ತಪ್ಪು ಎಂದು ನನ್ನ ಹೆಸರು ಹಿಡಿದೇ ಹೇಳುತ್ತಿದ್ದೆ. ಕೈ ತಪ್ಪಬಹುದು, ಎಲ್ಲರ ಕೈಯೂ ತಪ್ಪುತ್ತದೆ. ಪರೀಕ್ಷಕನ ಕೆಲಸ ಆ ತಪ್ಪಿನ ಜೊತೆ ಸಾಯುವುದಲ್ಲ, ಗಾಡಿ ಹೊರಡುವ ಮೊದಲು ಬಾಯಿ ಬಿಡುವುದು. ಮೆಹಬೂಬ್ ಸಾಹೇಬರು ಮುಂದೆ ಹಲವು ವರ್ಷ ಆ ಹಸಿರು ಕಾರು ಓಡಿಸಿದರು. ದಾರಿಯಲ್ಲಿ ಸಿಕ್ಕರೆ ಸಲಾಂ ಹೇಳುತ್ತಿದ್ದರು. ಕಾರಿನಲ್ಲಿ ಕುಂದರ್ರಿ ಎಂದು ಮಾತ್ರ ಮತ್ತೆಂದೂ ಕರೆಯಲಿಲ್ಲ.