ಸೊಸೆ ಮಾಡಿದ ಭಜನೆಯ ಪುಟ

ಗೆಳತಿಯರೇ, ಇವತ್ತು ಪುಣೆಯ ವಾಕಡದ ನಮ್ಮ ಏಕಾದಶಿ ಭಜನೆಯಲ್ಲಿ ನನ್ನ ಸೊಸೆ ಸುಧಾ ಎಲ್ಲರ ಮನ ಗೆದ್ದಳು. ಮೊಬೈಲ್ ಆ್ಯಪ್ ಮಾಡುವುದೇ ಅವಳ ಕೆಲಸ. ಮಂಡಳಿಗೆಂದು ಹಾಡುಗಳ ಆ್ಯಪ್ ಮಾಡಿ, ರಜೆ ಹಾಕಿ ಬಂದಿದ್ದಳು. ನೋಡಿದರೆ ಯಾರ ಫೋನಿನಲ್ಲೂ ಜಾಗವಿಲ್ಲ.

“ಮೊಮ್ಮಗಳ ಫೋಟೋ ಅಳಸು ಅಂತದ ನಿನ್ನ ಆ್ಯಪು. ನಾ ಅಳಸಂಗಿಲ್ಲವಾ. ನಮ್ಮ ಹಾಡಿನ ವಹೀನ ಛಲೋ,” ಎಂದು ಮಂಡಳಿಯ ಹಿರಿಯರಾದ ಗಂಗಕ್ಕ ತಮ್ಮ ಹಳೆಯ ನೋಟ್‌ಬುಕ್ ತೆರೆದರು.

ಸುಧಾಳ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿಗೆ, “ಅತ್ತಿ, ಕಾಲೇಜಿನಾಗ ವೆಬ್‌ಸೈಟ್ ಮಾಡತಿದ್ದೆ. ಮರತ ಬಿಟ್ಟಿದ್ದೆ ನೋಡ್ರಿ,” ಎಂದು ಲ್ಯಾಪ್‌ಟಾಪ್ ತೆರೆದಳು.

ನಾವು ನಾಲ್ಕು ಹಾಡು ಮುಗಿಸುವುದರೊಳಗೆ ವಾಟ್ಸಾಪಿಗೆ ಲಿಂಕ್ ಬಂತು. ಏನೂ ಇಳಿಸಿಕೊಳ್ಳಬೇಕಿಲ್ಲ, ಒತ್ತಿದರೆ ಸಾಕು, ಎಲ್ಲರ ಫೋನಿನಲ್ಲೂ ಹಾಡುಗಳು ತೆರೆದುಕೊಂಡವು. ಐದನೆಯ ಹಾಡನ್ನು ಅದರಲ್ಲೇ ನೋಡಿ ಹಾಡಿದೆವು.

“ಇಷ್ಟ ಸರಳ ಇತ್ತಂದ್ರ ಮೊದಲ ಯಾಕ ಮಾಡಲಿಲ್ಲ?” ಎಂದು ಗಂಗಕ್ಕ ಕೇಳಿದರು.

ಗಂಗಕ್ಕನ ಬಾಯಲ್ಲಿ ಇದೇ ಹೊಗಳಿಕೆ; ಇಪ್ಪತ್ತು ವರ್ಷದ ಗೆಳೆತನದಲ್ಲಿ ನನ್ನ ಅಡುಗೆಯನ್ನೂ ಅವರು ಇಷ್ಟು ಹೊಗಳಿಲ್ಲ.